ಮೊಲ ಆರಿಸಿದ ಮೂಲೆಗೇ ಟ್ರೇ ಹೋಗಲಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ದಾವಣಗೆರೆ ವಿದ್ಯಾನಗರದಲ್ಲಿದೆ. ಐದು ತಿಂಗಳ ಗಂಡು ಮೊಲ ಸಾಕಿದ್ದೇವೆ. ಮೊದಲು ಟ್ರೇನಲ್ಲೇ ಎಲ್ಲಾ ಮಾಡುತ್ತಿತ್ತು. ಈಗ ದಿವಾನದ ಮೇಲೆ ಉಚ್ಚೆ ಹೊಯ್ಯುತ್ತದೆ, ಮನೆ ತುಂಬಾ ಹಿಕ್ಕೆ ಉದುರಿಸುತ್ತದೆ, ನನ್ನ ಕಾಲು ಸುತ್ತಿ ಸುತ್ತಿ ಓಡುತ್ತದೆ. ಬೈದೆ, ಒಂದೆರಡು ಸಲ ಮೂತಿ ಹಿಡಿದು ಗಲೀಜು ತೋರಿಸಿದೆ. ಅತ್ತೆಯವರು ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಕೊಡಬೇಡಿ. ಇದು ಹಠ ಅಲ್ಲ, ವಯಸ್ಸು. ನಾಲ್ಕರಿಂದ ಆರು ತಿಂಗಳಿಗೆ ಮೊಲ ಪ್ರಾಯಕ್ಕೆ ಬರುತ್ತದೆ. ಆಗ ಉಚ್ಚೆ, ಹಿಕ್ಕೆ ಹಾಕಿ "ಇದು ನನ್ನ ಜಾಗ" ಅಂತ ಗುರುತು ಮಾಡುತ್ತದೆ. ಕಾಲು ಸುತ್ತುವುದೂ ಅದೇ ಪ್ರಾಯದ ಲಕ್ಷಣ. ಇದಕ್ಕೆ ಒಳ್ಳೆಯ ದಾರಿ ಸಂತಾನಹರಣ ಆಪರೇಷನ್. ಮೊಲಗಳಿಗೆ ಆಪರೇಷನ್ ಮಾಡಿ ಅಭ್ಯಾಸ ಇರುವ ವೈದ್ಯರನ್ನೇ ಹುಡುಕಿ. ಹಿಂದಿನ ರಾತ್ರಿ ಉಪವಾಸ ಇಡಿ ಅಂದರೆ ಒಪ್ಪಬೇಡಿ. ಮೊಲಕ್ಕೆ ವಾಂತಿ ಬರುವುದಿಲ್ಲ, ಅದರ ಕರುಳು ಖಾಲಿ ನಿಲ್ಲಬಾರದು. ಆಪರೇಷನ್ ಆದ ಮೇಲೂ ಆ ಚಟ ಇಳಿಯಲು ನಾಲ್ಕರಿಂದ ಆರು ವಾರ ಬೇಕು.

ಬೈಯುವುದು, ಮೂತಿ ಒತ್ತುವುದು ಇವತ್ತಿಗೇ ನಿಲ್ಲಲಿ. ಬೇರೆ ಪ್ರಾಣಿಗೆ ಬಲಿಯಾಗುವ ಜೀವ ಅದು. ಇದರಿಂದ ಅದು ಕಲಿಯುವುದು ಒಂದೇ, ನಿಮ್ಮನ್ನು ಕಂಡರೆ ಹೆದರುವುದು.

ಇನ್ನು ಟ್ರೇ ವಿಚಾರ. ಹೋದ ಬೇಸಿಗೆಯಲ್ಲಿ ನಿಟುವಳ್ಳಿಯ ಒಂದು ಮನೆಗೆ ಹೋಗಿದ್ದೆ. ಟ್ರೇ ಬಾಲ್ಕನಿಯಲ್ಲಿತ್ತು. ಮೊಲ ಮಾತ್ರ ಹೊಲಿಗೆ ಮಷಿನ್ ಹಿಂದಿನ ಮೂಲೆಗೆ ಹಿಮ್ಮುಖವಾಗಿ ಸರಿದು, ಬಾಲ ಎತ್ತಿ, ಅಲ್ಲೇ ಕೂರುತ್ತಿತ್ತು. ಟ್ರೇ ತಂದು ಆ ಮೂಲೆಗೇ ಇಟ್ಟೆ. ಒಂದು ತುದಿಗೆ ಹಿಡಿ ಒಣಹುಲ್ಲು ಹಾಕಿದೆ. ಸ್ವಲ್ಪ ಹೊತ್ತಿಗೆ ಒಳಗೆ ಜಿಗಿಯಿತು, ಹುಲ್ಲು ಮೆಲ್ಲತೊಡಗಿತು. ಮೇಲೆ ಹುಲ್ಲು ಕರಕರ, ಕೆಳಗೆ ಹಿಕ್ಕೆ ಟಪಟಪ. ಮೊಲ ತಿನ್ನುತ್ತಲೇ ಹಿಕ್ಕೆ ಹಾಕುತ್ತದೆ. ಹುಲ್ಲು ಎಲ್ಲೋ ಟ್ರೇ ಎಲ್ಲೋ ಇಟ್ಟರೆ ಹಿಕ್ಕೆ ಹುಲ್ಲಿನ ಹತ್ತಿರ ಬೀಳುತ್ತದೆ, ಅಲ್ವಾ?

ಹಾಗಾಗಿ ಟ್ರೇ ಎಲ್ಲಿರಬೇಕು ಅಂತ ನೀವು ನಿರ್ಧರಿಸಬೇಡಿ, ಅದೇ ಹೇಳಲಿ. ಟ್ರೇ ದೊಡ್ಡದಿರಲಿ. ಮೊಲ ಮೈ ಚಾಚಿ ಮಲಗುವಷ್ಟು ಜಾಗ ಇರಬೇಕು. ತಳಕ್ಕೆ ನಾಲ್ಕೈದು ಪದರ ಪೇಪರ್, ಮೇಲೆ ಭತ್ತದ ಹುಲ್ಲು. ನಮ್ಮ ಕಡೆ ಹುಲ್ಲಿಗೆ ಬರವಿಲ್ಲ. ಬೂಷ್ಟು ಹಿಡಿದದ್ದು ಮಾತ್ರ ಬೇಡ. ಗರಗಸದ ಪುಡಿ, ಬೆಕ್ಕಿಗೆ ಮಾರುವ ಗಟ್ಟಿಯಾಗುವ ಮಣ್ಣೂ ಬೇಡ. ಟ್ರೇಯನ್ನು ಪೂರ್ತಿ ಥಳಥಳ ತೊಳೆಯಬೇಡಿ, ಒದ್ದೆ ಪೇಪರಿನ ಚೂರು, ನಾಲ್ಕು ಹಿಕ್ಕೆ ಅಲ್ಲೇ ಉಳಿಯಲಿ. ಆ ವಾಸನೆಯೇ ಅದಕ್ಕೆ ದಾರಿ ತೋರಿಸುತ್ತದೆ. ದಿವಾನದಲ್ಲಿ ಮಾತ್ರ ಆ ವಾಸನೆ ಉಳಿಯಬಾರದು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಫಿನಾಯಿಲ್ ಬೇಡ. ಕೆಲವು ವಾರ ಒಂದೇ ಕೋಣೆಯಲ್ಲಿ ಬಿಡಿ, ತಪ್ಪು ಕಡಿಮೆಯಾದ ಹಾಗೆ ಜಾಗ ಹೆಚ್ಚಿಸಿ. ಆಮೇಲೂ ಅಲ್ಲಿ ಇಲ್ಲಿ ಒಂದೆರಡು ಒಣ ಹಿಕ್ಕೆ ಬೀಳುತ್ತವೆ. ಪೊರಕೆಯಲ್ಲಿ ಗುಡಿಸಿಬಿಡಿ.

ಪ್ರಶ್ನೆ: ಹರಿಹರದಿಂದ. ನಮ್ಮ ಮೊಲ ಬೆಳಗ್ಗೆ ದ್ರಾಕ್ಷಿ ಗೊಂಚಲಿನ ಹಾಗೆ ಮೆತ್ತಗಿನ ಹಿಕ್ಕೆ ಹಾಕಿ ತುಳಿದು ಹರಡುತ್ತದೆ. ಮಂಡಕ್ಕಿ ಅಂದರೆ ಅದಕ್ಕೆ ಪ್ರಾಣ.

ಉತ್ತರ: ಉತ್ತರ ನಿಮ್ಮ ಮಾತಿನಲ್ಲೇ ಇದೆ. ಆ ಮೆತ್ತಗಿನ ಹಿಕ್ಕೆಯನ್ನು ಮೊಲ ಮತ್ತೆ ತಿನ್ನಬೇಕು, ಅದರಲ್ಲಿ ಪೋಷಕಾಂಶ ಇರುತ್ತದೆ. ಪಿಷ್ಟ ಜಾಸ್ತಿಯಾದರೆ ಅದು ತಿನ್ನದೆ ಬಿಡುತ್ತದೆ. ಮಂಡಕ್ಕಿ, ಬಿಸ್ಕತ್ತು, ಬ್ರೆಡ್ ನಿಲ್ಲಿಸಿ. ಹೊಟ್ಟೆಗೆ ಹೋಗುವುದರಲ್ಲಿ ಬಹುಪಾಲು ಹುಲ್ಲೇ ಆಗಿರಲಿ, ಗರಿಕೆಯಂತೂ ತುಂಬಾ ಒಳ್ಳೆಯದು.

ಪ್ರಶ್ನೆ: ಚಿತ್ರದುರ್ಗದಿಂದ. ನಾಲ್ಕು ವರ್ಷದ ಹೆಣ್ಣು ಮೊಲ, ಆಪರೇಷನ್ ಆಗಿಲ್ಲ. ಯಾವತ್ತೂ ಟ್ರೇ ಬಿಟ್ಟಿರಲಿಲ್ಲ. ವಾರದಿಂದ ಹೊರಗೇ ಉಚ್ಚೆ, ಹಿಂಭಾಗ ಒದ್ದೆ, ಉಚ್ಚೆ ಕೆಂಪಗಿದೆ.

ಉತ್ತರ: ಇದನ್ನು ಅಭ್ಯಾಸ ಕೆಟ್ಟಿದೆ ಅಂತ ತಿಳಿಯಬೇಡಿ. ಸೊಪ್ಪು, ಬೀಟ್‌ರೂಟ್ ತಿಂದರೂ ಉಚ್ಚೆ ಕೆಂಪಾಗುತ್ತದೆ, ನಿಜ. ಆದರೆ ಒಳ್ಳೆಯ ಅಭ್ಯಾಸದ ಮೊಲ ಇದ್ದಕ್ಕಿದ್ದಂತೆ ಟ್ರೇ ಬಿಟ್ಟರೆ ನೋವು ಇರಬಹುದು. ಮೂತ್ರಕೋಶದಲ್ಲಿ ಸುಣ್ಣದಂಥ ಕೆಸರು, ಸೋಂಕು, ಕೀಲುನೋವು, ಹೀಗೆ ಏನಾದರೂ ಇರಬಹುದು. ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಗೆಡ್ಡೆಯೂ ಸಾಮಾನ್ಯ, ಕೆಂಪು ಅಲ್ಲಿಂದ ಬಂದ ರಕ್ತ ಇರಬಹುದು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹಿಂಭಾಗ ಒರೆಸಿ, ಪೂರ್ತಿ ಒಣಗಿಸಿ. ಒದ್ದೆ ಇದ್ದರೆ ಈ ಬಿಸಿಲಿಗೆ ನೊಣ ಮೊಟ್ಟೆ ಇಡುತ್ತವೆ, ಒಂದೇ ದಿನದಲ್ಲಿ ಹುಳ ಆಗಬಹುದು. ಟ್ರೇಯ ಒಂದು ಅಂಚನ್ನು ತಗ್ಗಾಗಿ ಕತ್ತರಿಸಿ, ಹತ್ತಲು ಸುಲಭವಾಗಲಿ. ನಾಳೆಯೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಉಚ್ಚೆ ಹೊಯ್ಯಲು ತಿಣುಕುತ್ತಿದ್ದರೆ ಅಥವಾ ಹುಲ್ಲು ಮುಟ್ಟದೆ ಹತ್ತು ಹನ್ನೆರಡು ಗಂಟೆ ಆಗಿದ್ದರೆ ನಾಳೆಯವರೆಗೂ ಕಾಯಬೇಡಿ, ಈಗಲೇ ಹೊರಡಿ.