ಹೊಳೆಯುವ ಕ್ಯಾನ್ಸರ್: ವಿದೇಶಕ್ಕೆ ಹೋಗಬೇಕೇ?

ಪ್ರಶ್ನೆ: ಅಮ್ಮನಿಗೆ 61 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್ ಹೊಟ್ಟೆಯ ಒಳಪೊರೆಗೂ ಹರಡಿದೆ, ಮುಂದಿನ ತಿಂಗಳು ಆಪರೇಷನ್. ಕ್ಯಾನ್ಸರ್ ಹೊಳೆಯುವಂತೆ ಮಾಡುವ ಇಂಜೆಕ್ಷನ್ ವಿದೇಶದಲ್ಲಿದೆಯಂತೆ. ಸೈಟ್ ಮಾರಿಯಾದರೂ ಕರೆದೊಯ್ಯೋಣ ಎನ್ನುತ್ತಾನೆ ತಮ್ಮ. ಏನು ಮಾಡಲಿ?
– ಓದುಗಿ, ದಾವಣಗೆರೆ

ಉತ್ತರ: ಸೈಟ್ ಮಾರಬೇಡಿ. ಇದಕ್ಕಾಗಿ ಆಪರೇಷನ್ ದಿನವನ್ನೂ ಮುಂದೂಡಬೇಡಿ.

ಅಮ್ಮನ ಫೈಲಿನಲ್ಲಿ ‘ಸಿಇಎ’ ಎಂಬ ರಕ್ತಪರೀಕ್ಷೆಯ ವರದಿ ಇರಬೇಕು, ನೋಡಿ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರಾದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಬೆಳಕಿಗೆ ತಂದ ಪ್ರೋಟೀನ್ ಅದು. ಕರುಳಿನ ಕ್ಯಾನ್ಸರ್ ಕೋಶಗಳು ಬಹುಪಾಲು ಅದನ್ನು ಮೈತುಂಬ ಹೊತ್ತಿರುತ್ತವೆ. ಅದನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಜೋಡಿಸಿದ ಇಂಜೆಕ್ಷನ್ ಎಸ್‌ಜಿಎಂ-101; ನೀವು ಕೇಳಿರುವುದು ಬಹುಶಃ ಇದನ್ನೇ. ಆಪರೇಷನ್‌ಗೆ ಕೆಲವು ದಿನ ಮೊದಲೇ ರಕ್ತನಾಳಕ್ಕೆ ಕೊಡುತ್ತಾರೆ. ಎಲ್ಲೂ ಅಂಟದೆ ಉಳಿದದ್ದು ರಕ್ತದಿಂದ ತೊಲಗಲು ಅಷ್ಟು ಸಮಯ ಬೇಕು. ಆ ಹೊಳಪು ಬರಿಗಣ್ಣಿಗಲ್ಲ, ವಿಶೇಷ ಕ್ಯಾಮೆರಾಕ್ಕೆ ಕಾಣುತ್ತದೆ.

ಮೂವತ್ತು ವರ್ಷ ಈ ಆಪರೇಷನ್‌ಗಳನ್ನು ಮಾಡಿದವನು ನಾನು. ನಾನು ಹೆಚ್ಚು ನಂಬಿದ್ದು ಬೆರಳ ತುದಿಯನ್ನು. ಸ್ಕ್ಯಾನಿನಲ್ಲಿ ಕಾಣದ ರಾಗಿಕಾಳಿನಷ್ಟು ಗಂಟು ಪೊರೆಯ ಮೇಲೆ ಬೆರಳಾಡಿಸಿದಾಗ ಸಿಕ್ಕಿದ್ದುಂಟು. ಆದರೆ ಹಿಂದೆ ಆಪರೇಷನ್ ಆಗಿ ವಿಕಿರಣವನ್ನೂ ಕೊಟ್ಟ ಜಾಗದಲ್ಲಿ ಬೆರಳೂ ಸೋಲುತ್ತದೆ. ಗಾಯದ ಕಲೆಯೂ ಬಿಳಿ, ಗಟ್ಟಿ; ಕ್ಯಾನ್ಸರೂ ಬಿಳಿ, ಗಟ್ಟಿ. ಅಂಥ ಹೊಟ್ಟೆಯನ್ನು ಹೊಲಿದು ಮುಚ್ಚಿದ ರಾತ್ರಿಗಳಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಆದ್ದರಿಂದಲೇ ನೆದರ್‌ಲೆಂಡ್ಸ್‌ನ ಲೈಡನ್ ತಂಡ ಎಸ್‌ಜಿಎಂ-101 ಕುರಿತು ಬರೆದ 2018ರ ವರದಿಯನ್ನು ಎರಡು ಸಲ ಓದಿದೆ: ಅಧ್ಯಯನದ ಒಂದು ಗುಂಪಿನ 17 ರೋಗಿಗಳಲ್ಲಿ ಆರು ಮಂದಿಗೆ, ಹೊಳಪು ನೋಡಿದ ಮೇಲೆ ಚಿಕಿತ್ಸೆಯ ಯೋಜನೆಯೇ ಬದಲಾಗಿತ್ತು.

ಆದರೂ ಅದು ಕ್ಯಾನ್ಸರನ್ನು ಕೊಲ್ಲುವ ಮದ್ದಲ್ಲ, ತೋರಿಸುವ ದೀಪ. ಯಕೃತ್ತಿನ ಆಳದಲ್ಲಿ ಹುದುಗಿದ ಗಂಟು ಆ ಕ್ಯಾಮೆರಾಕ್ಕೆ ಕಾಣದು. ಹೊಳೆದದ್ದೆಲ್ಲ ಕ್ಯಾನ್ಸರೂ ಅಲ್ಲ. ತುಣುಕನ್ನು ಪೆಥಾಲಜಿಗೆ ಕಳಿಸಲೇಬೇಕು.

ಇನ್ನೊಂದು ಮಾತು. ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ‘ಹಸಿರು ಬಣ್ಣದ ಇಂಜೆಕ್ಷನ್’ ಎನ್ನುವುದು ಸಾಮಾನ್ಯವಾಗಿ ಐಸಿಜಿ (ಇಂಡೋಸಯನೈನ್ ಗ್ರೀನ್) ಎಂಬ ಬಣ್ಣ. ಅದರಲ್ಲಿ ಪ್ರತಿಕಾಯವಿಲ್ಲ. ಕರುಳು ಜೋಡಿಸುವಾಗ ಅಂಚಿಗೆ ರಕ್ತ ಹರಿಯುತ್ತಿದೆಯೇ ಎಂದು ನೋಡಲು ಅದು ಬಹಳ ಉಪಯುಕ್ತ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ನಿಮ್ಮ ಸರ್ಜನ್‌ರನ್ನು ಕೇಳಬೇಕಾದದ್ದು ಬೇರೆ: ಪೊರೆಯ ಮೇಲಿನ ಹರಡುವಿಕೆ ಎಷ್ಟಿದೆ, ಪೂರ್ತಿ ತೆಗೆಯಲು ಸಾಧ್ಯವೇ, ಇಂಥ ಆಪರೇಷನ್‌ಗಳನ್ನು ಅವರು ಎಷ್ಟು ಮಾಡಿದ್ದಾರೆ. ಕೇಳಲು ಸಂಕೋಚ ಬೇಡ. ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ.