ಪೋಕರ್ ಪ್ರಶ್ನೋತ್ತರ: ನಾಲ್ವರ ನಡುವೆ ಒಂದು ಜೋಡಿ

ಪ್ರಶ್ನೆ: ಟೆಕ್ಸಾಸ್ ಹೋಲ್ಡೆಮ್ ಆಟ (ತಲಾ ಎರಡು ಗುಟ್ಟಿನ ಎಲೆ, ಟೇಬಲ್ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ), ಬ್ಲೈಂಡ್ (ಎಲೆ ಹಂಚುವ ಮುನ್ನ ಇಬ್ಬರು ಹಾಕಲೇಬೇಕಾದದ್ದು) 5-10 ಚಿಪ್. ನಾನು ಬಿಗ್ ಬ್ಲೈಂಡ್ (10 ಹಾಕುವ ಸರದಿ ನನ್ನದು), ಕೈಯಲ್ಲಿ ಇಸ್ಪೀಟ್ ರಾಜ, ಡೈಮಂಡ್ 10. ಒಬ್ಬರು 30ಕ್ಕೆ ಏರಿಸಿದರು. ಬಟನ್ (ಟೇಬಲ್ ಎಲೆ ತೆರೆದ ಮೇಲೆ ಕೊನೆಗೆ ಆಡುವವರು), ಸ್ಮಾಲ್ ಬ್ಲೈಂಡ್ (5 ಹಾಕಿದವರು) ಮತ್ತು ನಾನು ಕಾಲ್ ಮಾಡಿದೆವು, ಅಂದರೆ ಅಷ್ಟೇ ಹಾಕಿ ಉಳಿದೆವು. ಪಾಟ್ (ನಡುವೆ ಕೂಡಿದ ಚಿಪ್) 120. ಫ್ಲಾಪ್ (ಟೇಬಲ್ ಮೇಲಿನ ಮೊದಲ ಮೂರು ಎಲೆ): ಕಳಾವರ್ ರಾಜ, ಆಟಿನ್ 8, ಆಟಿನ್ 7. ಸ್ಮಾಲ್ ಬ್ಲೈಂಡ್ ಚೆಕ್ (ಏನೂ ಹಾಕದೆ ಸರದಿ ದಾಟಿಸಿದರು), ನಾನು 80 ಹಾಕಿದೆ. ಮೊದಲು ಏರಿಸಿದವರು ಬಿಟ್ಟರು, ಉಳಿದಿಬ್ಬರು ಬಂದರು. ಟರ್ನ್ (ನಾಲ್ಕನೇ ಎಲೆ) ಆಟಿನ್ 6. ಸ್ಮಾಲ್ ಬ್ಲೈಂಡ್ ಮತ್ತೆ ಚೆಕ್, ನಾನು 180 ಹಾಕಿದೆ. ಬಟನ್ 500ಕ್ಕೆ ಏರಿಸಿದರು, ಸ್ಮಾಲ್ ಬ್ಲೈಂಡ್ ಬಿಟ್ಟರು. ಟಾಪ್ ಪೇರ್ (ಟೇಬಲ್ ಮೇಲಿನ ಅತಿ ದೊಡ್ಡ ಎಲೆಯೊಂದಿಗೆ ಜೋಡಿ) ಇದೆಯಲ್ಲ ಎಂದು ಕಾಲ್ ಮಾಡಿ ಸೋತೆ. ಎಡವಿದ್ದು ಎಲ್ಲಿ?

ಉತ್ತರ: ಕೊನೆಯ ಕಾಲ್‌ಗಿಂತ ಅದರ ಹಿಂದಿನ 180 ದೊಡ್ಡ ತಪ್ಪು.

ಫ್ಲಾಪ್‌ನಿಂದ ಶುರು ಮಾಡೋಣ. ಪ್ರತಿ ಎದುರಾಳಿಯ ಬಳಿ ನಿಮ್ಮದಕ್ಕಿಂತ ಮೇಲಿನ ಕೈ ಇರುವ ಸಂಭವ ಶೇ. 20 ಎಂದಿಟ್ಟುಕೊಳ್ಳಿ. ಎದುರಿಗೆ ಒಬ್ಬರೇ ಇದ್ದರೆ ಶೇ. 80 ಸಲ ನೀವೇ ಮುಂದೆ. ಮೂವರಿದ್ದರೆ 0.8×0.8×0.8, ಅಂದರೆ ಸುಮಾರು ಶೇ. 51. ಎಲೆ ಅದೇ, ಜೋಡಿ ಅದೇ, ಬೆಲೆ ಮಾತ್ರ ಇಳಿದಿದೆ. ರಾಜ-ರಾಣಿ, ರಾಜ-ಗುಲಾಮ, ಮೂರು 8, ಮೂರು 7, 8-7 ಎಲ್ಲವೂ ನಿಮ್ಮನ್ನು ಹೊಡೆಯುತ್ತವೆ. ಏರಿಸಿದವರು ನಿಮ್ಮ ನಂತರ ಆಡುವವರು. ಚೆಕ್ ಮಾಡಿ ಅವರೇನು ಮಾಡುತ್ತಾರೆ, ಉಳಿದವರು ಅದಕ್ಕೇನು ಹೇಳುತ್ತಾರೆ ಎಂದು ನೋಡುವುದು ಮೇಲು. 80 ಹಾಕಿದ್ದನ್ನು ಕ್ಷಮಿಸಬಹುದು, ಡ್ರಾ (ಸರಿಯಾದ ಎಲೆ ಬಂದರೆ ದೊಡ್ಡದಾಗುವ ಕೈ) ಹಿಡಿದವರಿಂದ ದುಡ್ಡು ವಸೂಲಾಗುತ್ತದೆ.

ಆದರೆ ಆಟಿನ್ 6 ನಿಮ್ಮ ಪಾಲಿಗೆ ಅತಿ ಕೆಟ್ಟ ಎಲೆಗಳಲ್ಲೊಂದು. ಎರಡು ಆಟಿನ್ ಇದ್ದವರಿಗೆ ಫ್ಲಶ್ (ಒಂದೇ ಗುರುತಿನ ಐದು ಎಲೆ) ಕೂಡಿತು, 10-9, 9-5, 5-4 ಇದ್ದವರಿಗೆ ಸ್ಟ್ರೈಟ್ (ಸಾಲಾಗಿ ಐದು ಎಲೆ) ಕೂಡಿತು. ಇಬ್ಬರು ಫ್ಲಾಪ್‌ನಲ್ಲಿ 80 ಕೊಟ್ಟು ಬಂದದ್ದು ಇಂಥ ಎಲೆಗಾಗಿಯೇ. ಈಗ 180 ಹಾಕಿದರೆ ನಿಮಗಿಂತ ಕೆಳಗಿನ ಕೈಯಲ್ಲಿ ಬರುವವರು ಯಾರು? ರಾಜ-9 ಅಥವಾ ಆಟಿನ್ ಎಕ್ಕ ಒಂಟಿಯಾಗಿ ಇರುವವರು, ಅಷ್ಟೆ.

ಇಲ್ಲಿ ಚೆಕ್ ಮಾಡಬೇಕಿತ್ತು. ಬಟನ್ 90 ಹಾಕಿ ಸ್ಮಾಲ್ ಬ್ಲೈಂಡ್ ಬಿಟ್ಟರೆ, 450 ಗೆಲ್ಲಲು 90 ಕೊಡುತ್ತೀರಿ, ಶೇ. 17 ಸಲ ಗೆದ್ದರೂ ನಷ್ಟವಿಲ್ಲ, ಕಾಲ್ ಮಾಡಬಹುದು. ಸ್ಮಾಲ್ ಬ್ಲೈಂಡ್ ಕೂಡ ಬಂದರೆ ಬಿಟ್ಟುಬಿಡಿ. ಬೆಟ್ 240 ಆದರೆ ಬೇಕಾದ ಗೆಲುವು ಸುಮಾರು ಶೇ. 29ಕ್ಕೆ ಏರುತ್ತದೆ, ಆಗಲೂ ಬಿಡಿ.

ಇನ್ನು 500ರ ಲೆಕ್ಕ. 1,040 ಇರುವ ಪಾಟ್‌ಗೆ ನೀವು ಕೊಡಬೇಕಾದದ್ದು 320, ಬೇಕಾದ ಗೆಲುವು ಸುಮಾರು ಶೇ. 24. ಸ್ಟ್ರೈಟ್‌ಗೋ ಫ್ಲಶ್‌ಗೋ ಹಿಂದಿದ್ದೀರಿ ಎಂದಾದರೆ ನಿಮ್ಮನ್ನು ಉಳಿಸುವ ಎಲೆ ಯಾವುದು? 9 ಬಂದರೆ 6ರಿಂದ 10ರವರೆಗೆ ಸ್ಟ್ರೈಟ್. ಆದರೆ ಆಟಿನ್ 9 ಬಂದರೆ ಟೇಬಲ್ ಮೇಲೆ ನಾಲ್ಕು ಆಟಿನ್, ಒಂದೇ ಆಟಿನ್ ಇದ್ದವರೂ ಗೆಲ್ಲುತ್ತಾರೆ. ಉಳಿದದ್ದು ಮೂರು 9, ನೀವು ಕಾಣದ 46 ಎಲೆಗಳಲ್ಲಿ, ಶೇ. 6.5. ಅದೂ ಎದುರಿಗೆ ಫ್ಲಶ್ ಇದ್ದರೆ ಕೆಲಸಕ್ಕೆ ಬಾರದು, 10-9 ಇದ್ದರೆ ಪಾಟ್ ಪಾಲಾಗುತ್ತದೆ. ಹೀಗಾಗಿ ಕಾಲ್ ಗಿಟ್ಟಬೇಕಾದರೆ ಬಟನ್ ಹೆಚ್ಚುಕಡಿಮೆ ಐದರಲ್ಲಿ ಒಂದು ಸಲವಾದರೂ ಬ್ಲಫ್ (ಒಳ್ಳೆಯ ಕೈ ಇಲ್ಲದೆ ಹೆದರಿಸುವ ಬೆಟ್) ಮಾಡುವವರಾಗಿರಬೇಕು. ಇಬ್ಬರು ಎದುರಿಗಿರುವಾಗ ಅಷ್ಟು ಬ್ಲಫ್ ಮಾಡುವವರು ವಿರಳ.

ಪ್ರಶ್ನೆ: ಬಟನ್‌ನಲ್ಲಿ ಕಳಾವರ್ 9-8. ಫ್ಲಾಪ್ ರಾಣಿ, 9, 4, ಮೂರೂ ಬೇರೆ ಬೇರೆ ಗುರುತಿನವು. ನನಗಿಂತ ಮೊದಲು ಆಡುವವರೆಲ್ಲ ಚೆಕ್ ಮಾಡಿದರೆ ಬೆಟ್ ಹಾಕಲೇ?

ಉತ್ತರ: ಬೇಡ. ರಾಣಿ ಇದ್ದವರು ಬಿಡುವುದಿಲ್ಲ, ನಿಮಗಿಂತ ಕೆಳಗಿನವರಲ್ಲಿ ಬರುವವರು ಕಡಿಮೆ. ಮುಂದಿನ ಎಲೆ ಬಿಟ್ಟಿಯಾಗಿ ಸಿಗುತ್ತಿದೆ, ನೋಡಿ. ಎರಡು 9, ಮೂರು 8 ಸೇರಿ 47ರಲ್ಲಿ 5 ಎಲೆ ನಿಮ್ಮ ಕೈ ಸುಧಾರಿಸುತ್ತವೆ, ಸುಮಾರು ಶೇ. 11. ಈ ಐದೂ ಗಟ್ಟಿಯಲ್ಲ. 8 ಬಂದರೆ ನಿಮಗೆ ಎರಡು ಜೋಡಿ, ಗುಲಾಮ-10 ಹಿಡಿದವರಿಗೆ ಸ್ಟ್ರೈಟ್. 9 ಬಂದರೆ ಎಕ್ಕ-9 ಇದ್ದವರು ಕಿಕ್ಕರ್‌ನಲ್ಲಿ (ಜತೆಗಿರುವ ಇನ್ನೊಂದು ಎಲೆಯ ಬಲದಲ್ಲಿ) ಹೊಡೆಯುತ್ತಾರೆ. ಟರ್ನ್‌ನಲ್ಲೂ ಎಲ್ಲರೂ ಚೆಕ್ ಮಾಡಿದರೆ, ಆಗ ಪಾಟ್‌ನ ಮೂರನೇ ಒಂದು ಭಾಗ ಹಾಕುವುದರಲ್ಲಿ ಅರ್ಥವಿದೆ.

ಪ್ರಶ್ನೆ: ದೊಡ್ಡ ಬೆಟ್ ಹಾಕಿ ಮೂವರನ್ನೂ ಒಟ್ಟಿಗೆ ಓಡಿಸಬಾರದೇ?

ಉತ್ತರ: ಪಾಟ್‌ನ ಅರ್ಧ ಹಾಕಿದರೆ ಮೂರರಲ್ಲಿ ಒಂದು ಸಲ ಎಲ್ಲರೂ ಬಿಟ್ಟರೆ ಅಸಲು ಬರುತ್ತದೆ. ಎದುರಿಗೆ ಮೂವರಿದ್ದರೆ, ಹಾಗಾಗಲು ಪ್ರತಿಯೊಬ್ಬರೂ ಶೇ. 69 ಸಲ ಬಿಡಬೇಕು. ಪೂರ್ತಿ ಪಾಟ್ ಹಾಕಿದರೆ ಶೇ. 79. ಜತೆಗೆ ದೊಡ್ಡ ಬೆಟ್ಟಿಗೆ ಓಡುವವರು ನೀವು ಗೆಲ್ಲಬಹುದಾದವರು, ಉಳಿಯುವವರು ನಿಮ್ಮನ್ನು ಗೆಲ್ಲುವವರು. ದೊಡ್ಡ ಬೆಟ್ಟನ್ನು ಎರಡು ಜೋಡಿಗೋ ಅದಕ್ಕಿಂತ ಮೇಲಿನ ಕೈಗೋ ಇಟ್ಟುಕೊಳ್ಳಿ. ಎಕ್ಕ-ರಾಜ ಹಿಡಿದು ರಾಜ ಬಿದ್ದಿದ್ದು ಟೇಬಲ್ ಮೇಲೆ ಡ್ರಾ ಇದ್ದರೆ ಅರ್ಧದಿಂದ ಮೂರನೇ ಎರಡು ಭಾಗ ಸಾಕು.