ಸಂಪಾದಕರ ಉತ್ತರ: ದಿನಕ್ಕೆ ಹತ್ತು ರೂಪಾಯಿ

ಈ ತಿಂಗಳು ಬಂದ ಪತ್ರಗಳಲ್ಲಿ ಕುಮಟಾದ ನಿವೃತ್ತ ಶಿಕ್ಷಕಿಯೊಬ್ಬರದು ನನ್ನ ಮೇಜು ಬಿಟ್ಟು ಕದಲಲೇ ಇಲ್ಲ. ಅವರ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು, ಹಳ್ಳಿ ಜನರಿಗಾಗಿ ದುಡಿಯುವ ಸಣ್ಣ ಕಂಪನಿಗಳಿಗೆ ಬಂಡವಾಳ ಹಾಕುವ ಸಂಸ್ಥೆ ಸೇರಿದ್ದಾನೆ. ಇಂಪ್ಯಾಕ್ಟ್ ಇನ್ವೆಸ್ಟಿಂಗ್ ಎನ್ನುತ್ತಾರಂತೆ. ಸಂಬಳ ಅರ್ಧಕ್ಕಿಂತ ಕಡಿಮೆ. "ಸೇವೆ ಆದರೆ ಸೇವೆ ಮಾಡಲಿ, ವ್ಯಾಪಾರ ಆದರೆ ವ್ಯಾಪಾರ. ಬಡವರ ಹೆಸರಲ್ಲಿ ಲಾಭ ನೋಡುವುದು ಸರಿಯಾ? ಇದೂ ಒಂದು ವೃತ್ತಿಯಾ?" ಎಂದು ಕೇಳಿದ್ದಾರೆ.

ಅಕ್ಕೋರೇ, ನಿಮ್ಮ ಭಯ ಸುಳ್ಳಲ್ಲ. ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಕಥೆ ನೆನಪಿರಬಹುದು. ಬಡ ಹೆಣ್ಣುಮಕ್ಕಳಿಗೆ ಸಾಲ ಕೊಡುತ್ತ ಬೆಳೆದ ಕಂಪನಿ 2010ರ ಆಗಸ್ಟ್‌ನಲ್ಲಿ ಷೇರುಪೇಟೆಗೆ ಬಂತು. ಅದೇ ಅಕ್ಟೋಬರ್‌ನಲ್ಲಿ ಆಂಧ್ರ ಸರಕಾರ ಮೈಕ್ರೋಫೈನಾನ್ಸ್ ಸಾಲ ವಸೂಲಿಯ ಕಿರುಕುಳಕ್ಕೆ ಕಡಿವಾಣ ಹಾಕಲು ಸುಗ್ರೀವಾಜ್ಞೆ ತಂದಿತು. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯವೂ ಅಂಥದ್ದೊಂದನ್ನು ತರಬೇಕಾಯಿತು. ದೊಡ್ಡ ಬಂಡವಾಳ ಬಂದರೆ ಕೆಲಸ ಬೇಗ ಹಬ್ಬುತ್ತದೆ ನಿಜ. ಜೊತೆಗೆ ಅವಸರವೂ ಬರುತ್ತದೆ.

ಆದರೆ ಸೇವೆಗೂ ವ್ಯಾಪಾರಕ್ಕೂ ನಡುವೆ ಗೋಡೆ ಎಬ್ಬಿಸಿದ ನಿಮ್ಮ ಮಾತು ನಾನು ಒಪ್ಪುವುದಿಲ್ಲ. ಅದರಲ್ಲೂ ಕರಾವಳಿಯವರಾದ ನೀವು ಹಾಗೆ ಹೇಳಬಾರದಿತ್ತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಬೇಕು ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಎಂಬ ಉಳಿತಾಯ ಯೋಜನೆ ಬಂತು. ದಿನಕ್ಕೆ ಎರಡಾಣೆ, ಅದೂ ಮನೆ ಬಾಗಿಲಲ್ಲಿ. ಅದು ಸೇವೆಯಾ, ವ್ಯಾಪಾರವಾ? ನೀವೇ ಹೇಳಿ.

ನಮ್ಮಪ್ಪನಿಗೆ ಶಿರಸಿಯಲ್ಲಿ ಸಣ್ಣ ಕಿರಾಣಿ ಅಂಗಡಿ ಇತ್ತು. ಸಂಜೆ ಏಳಕ್ಕೆ ಪಿಗ್ಮಿಯವರು ಬರುತ್ತಿದ್ದರು. ಮಳೆಗಾಲದಲ್ಲಿ ಕೊಡೆ ಬಾಗಿಲಿಗೆ ಒರಗಿಸಿ, ಅಂಗಿಯೊಳಗಿಂದ ಪುಸ್ತಕ ತೆಗೆಯುತ್ತಿದ್ದರು. ಅದು ನೆನೆಯದಂತೆ ಪ್ಲಾಸ್ಟಿಕ್ ಸುತ್ತಿರುತ್ತಿತ್ತು. ಅಪ್ಪ ಗಲ್ಲೆಯಿಂದ ಚಿಲ್ಲರೆ ಎಣಿಸಿ ಕೊಡುವುದು, ಅವರು ಬರೆದುಕೊಳ್ಳುವುದು. ವ್ಯಾಪಾರ ಇಲ್ಲದ ದಿನ ಅಪ್ಪ ಸುಮ್ನೆ ತಲೆ ಅಲ್ಲಾಡಿಸಿದರೆ, "ಅಡ್ಡಿಲ್ಲ, ನಾಳೆ ನೋಡುವ" ಎಂದು ಚಹಾ ಕುಡಿದು ಹೊರಡುತ್ತಿದ್ದರು. ಯಾರ ಅಂಗಡಿಯಲ್ಲಿ ಹೇಗೆ ವ್ಯಾಪಾರ, ಯಾರ ಮನೆಯಲ್ಲಿ ಕಾಯಿಲೆ, ಎಲ್ಲ ಅವರಿಗೆ ಗೊತ್ತು. ಅಕ್ಕನ ನರ್ಸಿಂಗ್ ಫೀಸಿಗೆ ಸಾಲ ಸಿಕ್ಕಿದ್ದು ಅವರು ಮ್ಯಾನೇಜರಿಗೆ ಹೇಳಿದ ಒಂದು ಮಾತಿನಿಂದ.

ಈಗ ಹರೀಶ್ ಹಂದೆಯವರ ವಿಷಯಕ್ಕೆ ಬರುತ್ತೇನೆ. ಮಗನ ಹತ್ತಿರ ಕೇಳಿ, ಅವನಿಗೆ ಈ ಹೆಸರು ಗೊತ್ತಿರುತ್ತದೆ. ಉಡುಪಿ ಜಿಲ್ಲೆಯ ಹಂದಟ್ಟು ಮೂಲದವರು, ಬೆಳೆದದ್ದು ರೂರ್ಕೆಲಾದಲ್ಲಿ. ಖರಗ್‌ಪುರ ಐಐಟಿ, ಆಮೇಲೆ ಅಮೆರಿಕದಲ್ಲಿ ಪಿಎಚ್‌ಡಿ. ಡೊಮಿನಿಕನ್ ಗಣರಾಜ್ಯದಲ್ಲಿ ಬಡವರು ದುಡ್ಡು ಕೊಟ್ಟು ಸೋಲಾರ್ ದೀಪ ಉರಿಸುವುದನ್ನು ಕಂಡವರು 1995ರಲ್ಲಿ ಅಮೆರಿಕದ ನೆವಿಲ್ ವಿಲಿಯಮ್ಸ್ ಜೊತೆ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದರು. ದಾನ ಅಲ್ಲ, ಮಾರಾಟ. ಬಡವರಿಗೆ ಮಾರಲು ಆಗುವುದಿಲ್ಲ ಎನ್ನುತ್ತಿದ್ದ ಕಾಲ ಅದು. ಒಬ್ಬ ಬೀದಿ ವ್ಯಾಪಾರಿಯಿಂದ ಕಲಿತ ಪಾಠವನ್ನು ಹಂದೆಯವರು ಆಗಾಗ ಹೇಳುತ್ತಾರೆ: ತಿಂಗಳಿಗೆ 300 ರೂಪಾಯಿ ಆಗದು, ದಿನಕ್ಕೆ 10 ರೂಪಾಯಿ ಆದೀತು.

ಎರಡೂ ಒಂದೇ ಮೊತ್ತ ಅಲ್ವಾ? ಸಂಬಳದವರಿಗೆ ಒಂದೇ. ತಳ್ಳುಗಾಡಿಯವನ ಹತ್ತಿರ ತಿಂಗಳ ಕೊನೆಗೆ ಮುನ್ನೂರು ಉಳಿದಿರುವುದಿಲ್ಲ, ಸಂಜೆಗೆ ಹತ್ತು ಇರುತ್ತದೆ. ಹಾಗಾಗಿ ಹಂದೆಯವರ ಜೊತೆಗಾರರು ಪ್ಯಾನೆಲ್ ಹೊತ್ತು ತಿರುಗಿದಷ್ಟೇ ಸಲ ಗ್ರಾಮೀಣ ಬ್ಯಾಂಕುಗಳ ಮೆಟ್ಟಿಲನ್ನೂ ಹತ್ತಿದರು. ದುಡಿಮೆಗೆ ಹೊಂದುವ ಕಂತು ಮಾಡಿಸಿದರು. ಮುಂದೆ ಜರ್ಮನಿಯಲ್ಲಿ ಸೋಲಾರಿಗೆ ಬೇಡಿಕೆ ಜಾಸ್ತಿಯಾಗಿ ಪ್ಯಾನೆಲ್ ಬೆಲೆ ಏರಿತು, ಕಂಪನಿ ನಷ್ಟಕ್ಕೆ ಬಿತ್ತು. ಆಗ ಉಳಿಸಿದ್ದು ನಿಧಾನವಾಗಿ ಬರುವ ಲಾಭಕ್ಕೆ ಕಾಯಲು ಒಪ್ಪಿದ ಹೂಡಿಕೆದಾರರು. ನಿಮ್ಮ ಮಗ ಹೋಗಿರುವುದು ಆ ಕೆಲಸಕ್ಕೆ, ಅಕ್ಕೋರೇ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದಕ್ಕೆ ಮೊದಲು ಹದಿನಾರು ವರ್ಷ ಹಳ್ಳಿ ಸುತ್ತಿದ್ದರು ಎಂಬುದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ಇವತ್ತು ಒಂದು ಕಂಪನಿ ಎಷ್ಟು ಕೋಟಿ ಎತ್ತಿತು ಎಂಬುದು ಸುದ್ದಿ. ಆ ಕೋಟಿ ಯಾರ ಬಾಗಿಲಿಗೆ ಹೋಯಿತು ಎಂದು ಕೇಳುವವರಿಲ್ಲ. ಈಚೆಗೆ ಘಟ್ಟದ ಕೆಳಗಿನ ಒಂದು ಬ್ಯಾಂಕ್ ಶಾಖೆಯಲ್ಲಿ ನಿಂತಿದ್ದೆ. ಹೂ ಮಾರುವ ಹೆಂಗಸೊಬ್ಬಳು ಸಾಲದ ಬಗ್ಗೆ ಮೂರು ಸಲ ಕೇಳಿದಳು. ಕೌಂಟರಿನ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ಅವಳು ಆಧಾರ್ ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟೇ ಹೋದಳು. ಅಂಥವಳು ಆಮೇಲೆ ಯಾರ ಹತ್ತಿರ ಹೋಗುತ್ತಾಳೆ? ವಾರದ ಕಂತಿನ ಮೈಕ್ರೋಫೈನಾನ್ಸ್‌ನವರ ಹತ್ತಿರ. ಸುಗ್ರೀವಾಜ್ಞೆ ಬೇಕಾಗುವುದು ಆಮೇಲೆ. ಆ ಶಾಖೆಗೊಬ್ಬ ಹಳೆಯ ಪಿಗ್ಮಿಯವರಂಥ ಮನುಷ್ಯ ಇದ್ದಿದ್ದರೆ ಅವಳು ಬರಿಗೈಲಿ ಹೋಗುತ್ತಿರಲಿಲ್ಲ.

ಮಗ ರಜೆಗೆ ಬಂದಾಗ ಬೆಳಿಗ್ಗೆ ನಿಮ್ಮ ಮೀನು ಪೇಟೆಗೆ ಕರೆದುಕೊಂಡು ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ 61 ದಿನ ಬುಟ್ಟಿ ಹೊರುವ ಹೆಂಗಸರು ಕಂತು ಹೇಗೆ ಕಟ್ಟುತ್ತಾರೆ ಎಂದು ಅವನೇ ಕೇಳಲಿ. ಅವರು ಹೇಳಿದ್ದನ್ನು ಅವನ ಸಂಸ್ಥೆಯ ಸಾಲಪತ್ರದ ಪಕ್ಕ ಇಟ್ಟು ನೋಡಲಿ. ಹಾಗೇ ಶಿರಸಿಗೂ ಬನ್ನಿ. ಅಪ್ಪನ ಪಿಗ್ಮಿ ಪುಸ್ತಕ ಅಕ್ಕನ ಮನೆಯಲ್ಲಿದೆ, ತೆಗೆಸಿ ಇಟ್ಟಿರುತ್ತೇನೆ.